ದನ ಕಡೆಗೆ, ಮೊದಲು ಹುಲ್ಲು

(ಶಿರಸಿ ತಾಲೂಕಿನ ಹಳ್ಳಿಯೊಂದರ ಸೊಸೈಟಿ ಸಭಾಭವನದಲ್ಲಿ, ಊರಿಗೆ ಮರಳಿದವರು ಹಾಗೂ ಹೊಸದಾಗಿ ಜಮೀನು ಮಾಡಿದವರ ಮುಂದೆ ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿ ಬೆಂಗಳೂರು, ಹುಬ್ಬಳ್ಳಿ ಬಿಟ್ಟು ಅಪ್ಪನ ತೋಟಕ್ಕೆ ಮರಳಿದವರು. ಇನ್ನರ್ಧ, 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾದ ಮೇಲೆ ಎಕರೆ, ಎರಡೆಕರೆ ಹಿಡಿದವರು. ಸಭೆ ಶುರುವಾಗುವ ಮುಂಚೆ ಚಹಾ ಕುಡಿಯುತ್ತ ನಿಂತಾಗ ನನ್ನನ್ನು ಕೇಳಿದ್ದೆಲ್ಲ ಒಂದೇ ಪ್ರಶ್ನೆ: ಅಕ್ಕಾ, ಯಾವ ದನ ತರೋಣ? ಉತ್ತರ ಹೇಳುತ್ತೇನೆ, ಆದರೆ ಮಾತಿನ ಕಡೆಗೆ. ಮನೆ ಕಟ್ಟಿಕೊಳ್ಳುವ ಸಾಲಿನಲ್ಲಿ ದನ ತರುವುದೂ ಕಡೆಯ ಕೆಲಸವೇ.

ನಾವು ಹುಬ್ಬಳ್ಳಿಯಿಂದ ಬಂದು ಇಲ್ಲಿ ಒಲೆ ಹೂಡಿದಾಗ ನಮ್ಮನೆಯವರಿಗೆ ಆ ತಿಂಗಳೇ ಕೊಟ್ಟಿಗೆ ತುಂಬಿಸುವ ಉಮೇದು. ಅತ್ತೆಯವರು ಒಂದೇ ಮಾತಿಗೆ ನಿಲ್ಲಿಸಿದರು. "ಮಳ್ಗಾಲ ಒಂದು ಕಳೀಲಿ, ಕಡಿಗೆ ದನ ತಪ್ಪನ" ಅಂದರು, ಆಮೇಲೆ ದನ ತರೋಣ ಅಂತ. ಹಾಗಾಗಿ ಮೊದಲ ವರ್ಷ ನಮ್ಮಲ್ಲಿ ಸಾಕುಪ್ರಾಣಿ ಅಂತ ಇದ್ದದ್ದು ಬೀದಿಯಿಂದ ಬಂದು ತಾನಾಗಿ ಸೇರಿಕೊಂಡ ಬೆಕ್ಕು ಮಾತ್ರ. ಆ ಒಂದು ವರ್ಷದಲ್ಲಿ ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ, ಅಂಗಳದ ನೀರು ಎಲ್ಲಿ ನಿಲ್ಲುತ್ತದೆ, ಬೆಟ್ಟದಿಂದ ಹರಿದು ಬರುವ ಅಬ್ಬಿ ನೀರು ಬೇಸಿಗೆಯಲ್ಲಿ ಯಾವಾಗ ಸಣ್ಣಗಾಗುತ್ತದೆ, ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ, ಇದೆಲ್ಲ ಗೊತ್ತಾಯಿತು. ದನ ಇದ್ದಿದ್ದರೆ ಇದನ್ನು ನೋಡಲು ಪುರುಸೊತ್ತೇ ಇರುತ್ತಿರಲಿಲ್ಲ.

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಎಷ್ಟು ಜಾನುವಾರು ಕಟ್ಟಬಹುದು ಅನ್ನುವುದು ಮೃಗಶಿರದಿಂದ ಮಘೆಯವರೆಗಿನ ಆ ಮಳೆಯಲ್ಲಿ ತೀರ್ಮಾನವಾಗುತ್ತದೆ. ಜನವರಿಯಲ್ಲಿ ಯಾರು ಬೇಕಾದರೂ ಹತ್ತು ದನ ಸಾಕಿಯಾರು. ಆರಿದ್ರಾ ಮಳೆ ಜಡಿ ಹಿಡಿದು ಕೂತಾಗ, ಮೇಯಲು ಬಿಡಲಿಕ್ಕಾಗದೆ, ಸಗಣಿ ತೆಗೆದು ಹಾಕಲು ಒಣ ಜಾಗ ಇಲ್ಲದೆ, ಆ ಹತ್ತನ್ನೂ ಆರೋಗ್ಯವಾಗಿ ಇಟ್ಟುಕೊಳ್ಳುತ್ತೀರಾ ಅನ್ನುವುದು ಪ್ರಶ್ನೆ.

ಇಲ್ಲಿ ಒಬ್ಬರು ತಲೆ ಅಲ್ಲಾಡಿಸಿದರು, ನೋಡಿದೆ. ಮಳೆಗಾಲದಲ್ಲಿ ಎಲ್ಲಿ ನೋಡಿದರೂ ಹಸಿರು, ದನಕ್ಕೆ ಮೇವಿಗೇನು ಬರ ಅಂತ ನಿಮ್ಮ ಮನಸ್ಸಿನಲ್ಲಿದೆ. ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಆದರೆ ಹಸಿ ಹುಲ್ಲಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಆಷಾಢದ ಎಳೆ ಹುಲ್ಲಿನಲ್ಲಂತೂ ಇನ್ನೂ ಹೆಚ್ಚು. ದನ ಹೊಟ್ಟೆ ತುಂಬ ತಿಂದಂತೆ ಕಾಣುತ್ತದೆ, ಸಗಣಿ ನೀರಾಗುತ್ತದೆ, ಮೈ ಇಳಿಯುತ್ತದೆ. ಪಶುವೈದ್ಯರು ಹೇಳುವ ಲೆಕ್ಕ ಸುಲಭ. ದನ ತನ್ನ ಮೈತೂಕದ ಶೇಕಡಾ ಎರಡೂವರೆಯಿಂದ ಮೂರರಷ್ಟು ಒಣ ಪದಾರ್ಥವನ್ನು ದಿನವೂ ತಿನ್ನಬೇಕು. ನೂರು ಕಿಲೋ ತೂಗುವ ನಮ್ಮ ಊರ ತಳಿ ಮಲೆನಾಡು ಗಿಡ್ಡಕ್ಕೆ ಎರಡೂವರೆಯಿಂದ ಮೂರು ಕಿಲೋ. ನಾನೂರು ಕಿಲೋ ತೂಗುವ ಮಿಶ್ರತಳಿಗೆ ಹತ್ತರಿಂದ ಹನ್ನೆರಡು ಕಿಲೋ. ಇದರಲ್ಲಿ ಅರ್ಧದಷ್ಟಾದರೂ ಒಣಹುಲ್ಲಿನಿಂದ ಬರಲಿ ಅಂತ ಇಟ್ಟುಕೊಳ್ಳಿ. ನಾಲ್ಕು ತಿಂಗಳಿಗೆ ಗಿಡ್ಡ ಒಂದಕ್ಕೆ 180 ಕಿಲೋವರೆಗೆ, ಮಿಶ್ರತಳಿ ಒಂದಕ್ಕೆ ಕಮ್ಮಿಯೆಂದರೂ 600 ಕಿಲೋ ಒಣಹುಲ್ಲು ಬೇಕಾಯಿತು. ಈಗ ಯಂತ್ರದಲ್ಲಿ ಕಟ್ಟಿದ ಹುಲ್ಲಿನ ರೋಲ್ ಬರುತ್ತದಲ್ಲ, ಅದು ಸುಮಾರು 15ರಿಂದ 20 ಕಿಲೋ. ಅಂದರೆ ಗಿಡ್ಡಕ್ಕೆ ಹತ್ತು ಹನ್ನೆರಡು ರೋಲ್, ಮಿಶ್ರತಳಿಗೆ ಮೂವತ್ತರಿಂದ ನಲವತ್ತು.

ಈ ನಲವತ್ತು ರೋಲನ್ನು ನೆನೆಯದಂತೆ ಎಲ್ಲಿ ಇಡುತ್ತೀರಿ? ಜಾಗ ತೋರಿಸಿದರೆ ದನದ ಮಾತಾಡೋಣ.

ನಮ್ಮ ಕಡೆ ಭತ್ತದ ಗದ್ದೆ ಕಮ್ಮಿಯಾಗಿದೆ. ಹುಲ್ಲು ಬರುವುದು ಬನವಾಸಿ, ಮುಂಡಗೋಡ, ಹಾನಗಲ್ ಕಡೆಯಿಂದ. ಕೊಯ್ಲು ಮುಗಿದ ಕೂಡಲೇ, ಸಂಕ್ರಾಂತಿಯ ಆಚೀಚೆ ಲಾರಿ ಮಾತಾಡಿಕೊಂಡವರಿಗೆ ಒಂದು ದರ. ಮೇ ಕಡೆಯ ವಾರ ಮೋಡ ನೋಡಿ ಓಡುವವರಿಗೆ ಇನ್ನೊಂದು ದರ, ಅದೂ ಒಮ್ಮೊಮ್ಮೆ ನೆನೆದ ಹುಲ್ಲು. ಮೂರ್ನಾಲ್ಕು ಮನೆಯವರು ಸೇರಿ ಒಂದು ಲಾರಿ ತರಿಸಿ ಹಂಚಿಕೊಳ್ಳುವುದು ವಾಸಿ. ಬೇಣ, ಅಂದರೆ ಹುಲ್ಲುಗಾವಲು ಇದ್ದವರು ದೀಪಾವಳಿ ಕಳೆದ ಮೇಲೆ ಅಲ್ಲಿನ ಕರಡ ಹುಲ್ಲು ಕೊಯ್ದು ಒಣಗಿಸಿಕೊಳ್ಳಿ. ತೋಟ ಇದ್ದವರ ಹತ್ತಿರ ಇನ್ನೊಂದು ಆಸ್ತಿ ಇದೆ, ಅಡಿಕೆ ಹಾಳೆ. ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ಮಣ್ಣು ಹತ್ತುವ ಮೊದಲು ಹೆಕ್ಕಿ, ಒಣಗಿಸಿ, ಸಿವುಡು ಕಟ್ಟಿ ಅಟ್ಟಕ್ಕೆ ಹಾಕಿದರೆ ಮಳೆಗಾಲದಲ್ಲಿ ನೆನೆಸಿ ಕೊಚ್ಚಿ ಹಾಕಬಹುದು. ಅಕ್ಕಿ ತೊಳೆದ ಅಕ್ಕಚ್ಚಿನ ಜತೆ ಕೊಟ್ಟರೆ ಚಪ್ಪರಿಸಿಕೊಂಡು ತಿನ್ನುತ್ತವೆ. ಬೂಷ್ಟು ಹಿಡಿದ ಹಾಳೆ ಮಾತ್ರ ಬೇಡ, ಗೊಬ್ಬರಗುಂಡಿಗೆ ಎಸೆಯಿರಿ.

ಹಸಿರಿಗೆ ನೇಪಿಯರ್ ಜಾತಿಯ ಕೋ-4 ಹಾಕಿಕೊಳ್ಳಿ. ಎರಡು ಗಣ್ಣಿನ ತುಂಡು, ಒಂದು ಗಣ್ಣು ಮಣ್ಣೊಳಗೆ. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ. ಬಿಸಿಲು ಬೇಕು ಅದಕ್ಕೆ. ತೋಟದ ನೆರಳಿಗಾದರೆ ಗಿನಿ ಹುಲ್ಲು. ಇನ್ನೊಂದು ಮಾತು, ಅಡಿಕೆಯ ಕೊಳೆರೋಗಕ್ಕೆ ಮರ ಹತ್ತುವ ಕೊನೆಗೌಡ ಬಂದು ಬೋರ್ಡೋ ದ್ರಾವಣ ಹೊಡೆದು ಹೋದ ಮೇಲೆ ಮರದಡಿಯ ಹುಲ್ಲೆಲ್ಲ ನೀಲಿ ನೀಲಿ ಆಗಿರುತ್ತದೆ. ಅದು ಮೈಲುತುತ್ತ. ಚೆನ್ನಾಗಿ ಮಳೆ ಹೊಡೆದು ಹೊಸ ಚಿಗುರು ಬರುವ ತನಕ ಆ ಹುಲ್ಲನ್ನು ಕೊಯ್ದು ಹಾಕಬೇಡಿ.

ಮೇವಾಯಿತು, ಈಗ ಕೊಟ್ಟಿಗೆ. ಇದರ ಬಗ್ಗೆ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ, ಬೇಸರ ಮಾಡಬೇಡಿ. ಗಂಡಸರು ಕೊಟ್ಟಿಗೆ ಕಟ್ಟಿಸುತ್ತಾರೆ, ಹೆಂಗಸರು ತೊಳೆಯುತ್ತಾರೆ. ಕಟ್ಟಿಸುವಾಗ ತೊಳೆಯುವವರನ್ನು ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ನೆಲಕ್ಕೆ ಹತ್ತು ಅಡಿಗೆ ಮೂರು ಇಂಚು ಇಳಿಜಾರು ಇರಲಿ. ಇದಕ್ಕಿಂತ ಕಮ್ಮಿಯಾದರೆ ಗಂಜಲ ನಿಲ್ಲುತ್ತದೆ, ಜಾಸ್ತಿಯಾದರೆ ಗಬ್ಬದ ದನಕ್ಕೆ ಹಿಂಗಾಲಿನ ಮೇಲೆ ಭಾರ ಬೀಳುತ್ತದೆ. ಗಾರೆಯವರು "ಕಣ್ಣಳತೆಯಲ್ಲೇ ಕೊಟ್ಟಿದೀನಿ ಅಮ್ಮಾ" ಅನ್ನುತ್ತಾರೆ. ಸಿಮೆಂಟು ಗಟ್ಟಿಯಾಗುವ ಮುನ್ನ, ಅವರು ಎದುರಿಗಿರುವಾಗಲೇ ಗೋದಲಿಯ ಬುಡದಲ್ಲಿ ಒಂದು ಚೊಂಬು ನೀರನ್ನು ಮೆಲ್ಲಗೆ ಬಿಡಿ. ನೀರು ಸೀದಾ ಕಾಲುವೆಗೆ ಹೋಗಬೇಕು. ನಡುವೆ ತಟ್ಟೆಯಗಲ ನಿಂತಿತೋ, ಅಲ್ಲೇ ನಾಳೆ ದನ ಮಲಗುವುದು, ಅಲ್ಲೇ ಕೆಚ್ಚಲು ನೆನೆಯುವುದು, ಕೆಚ್ಚಲು ಬಾವು ಶುರುವಾಗುವುದೂ ಅಲ್ಲಿಂದಲೇ. ನುಣ್ಣಗೆ ತಿಕ್ಕಿದ ನೆಲವೂ ಬೇಡ. ಹಸಿ ಇರುವಾಗ ಕಡ್ಡಿಪೊರಕೆ ಅಡ್ಡಡ್ಡ ಎಳೆದು ಗೀರು ಮಾಡಿಸಿ. ಗೊರಸು ಜಾರಿ ಸೊಂಟ ಮುರಿದುಕೊಂಡ ದನವನ್ನು ಎಬ್ಬಿಸುವುದು ಯಾರ ಕೈಲೂ ಆಗುವುದಿಲ್ಲ.

ಮಿಶ್ರತಳಿಗೆ ನಿಲ್ಲಲು ಐದೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ ಬೇಕು. ಗಿಡ್ಡಕ್ಕೆ ಮೂರಡಿ ಅಗಲ ಧಾರಾಳ. ಮಾಡು ಎತ್ತರ ಇರಲಿ, ಆದರೆ ನೈರುತ್ಯದ ಕಡೆ ಇರಚಲು ಒಳಗೆ ಬರದಂತೆ ಸೋಗೆ ತಟ್ಟಿ ಕಟ್ಟಿ. ಮಳೆ ಮುಗಿದ ಮೇಲೆ ಬಿಚ್ಚಿ ಗಾಳಿ ಆಡಲು ಬಿಡಿ. ಪ್ಲಾಸ್ಟಿಕ್ ಟಾರ್ಪಲ್ ಕಟ್ಟಿದರೆ ಒಳಗೆ ಬೆವರು, ಸೊಳ್ಳೆ, ಗಂಜಲದ ಘಾಟು. ಒಳಗೆ ಹೋದ ಕೂಡಲೇ ನಿಮ್ಮ ಕಣ್ಣು ಉರಿದರೆ ದನದ ಕಣ್ಣೂ ಉರಿಯುತ್ತಿದೆ ಅಂತ ತಿಳಿಯಿರಿ.

ನಮ್ಮ ಹಿರಿಯರದ್ದು ಸೊಪ್ಪಿನ ಕೊಟ್ಟಿಗೆ. ದಿನಾ ಹೊಸ ಸೊಪ್ಪು ಹಾಸುವುದು, ಅದರ ಮೇಲೇ ದನ ನಿಲ್ಲುವುದು, ತುಳಿದು ಸಗಣಿ ಗಂಜಲ ಕುಡಿದ ಸೊಪ್ಪನ್ನು ತೆಗೆದು ಗುಂಡಿಗೆ ಹಾಕುವುದು. ಮಳೆಗಾಲದಲ್ಲಿ ಮತ್ತಿ, ಹೊನ್ನೆಯ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತಂದುಕೊಳ್ಳುವ ಕಾಡು ಅಂತ ಬ್ರಿಟಿಷರ ಕಾಲದಲ್ಲೇ ನಮ್ಮ ಕಡೆಗೆ ಸವಲತ್ತು ಸಿಕ್ಕಿದ್ದು ಈ ಗೊಬ್ಬರಕ್ಕಾಗಿಯೇ. ಅಂದರೆ ತೋಟದ ಜೀವ ಕೊಟ್ಟಿಗೆಯಲ್ಲಿತ್ತು, ಹಾಲು ಮೇಲಿನ ಲಾಭ. ಹೊಸಬರು ಇದನ್ನು ತಲೆಕೆಳಗು ಮಾಡಿಕೊಂಡು ಹಾಲಿನ ಲೆಕ್ಕ ಹಾಕುತ್ತಾರೆ, ತಿಂಗಳ ಕೊನೆಗೆ ಹಿಂಡಿ ಬಿಲ್ಲು ನೋಡಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಗೊಬ್ಬರಕ್ಕೆ ಬೆಲೆ ಕಟ್ಟದೆ ಸಣ್ಣ ಕೊಟ್ಟಿಗೆಯ ಲೆಕ್ಕ ಯಾವತ್ತೂ ಸರಿಹೋಗುವುದಿಲ್ಲ. ಅದಕ್ಕೇ ಹೇಳುವುದು, ಕೊಟ್ಟಿಗೆಗೆ ಹಾಕಿದ ಹಾಗೆ ಗೊಬ್ಬರಗುಂಡಿಗೂ ಮಾಡು ಹಾಕಿ. ಬಯಲಿನಲ್ಲಿ ಬಿಟ್ಟ ಗುಂಡಿಯ ಸಾರವೆಲ್ಲ ಶ್ರಾವಣ ಬರುವಷ್ಟರಲ್ಲಿ ಹಳ್ಳ ಸೇರಿರುತ್ತದೆ, ಉಳಿಯುವುದು ಕಡ್ಡಿ ಕಸ.

ದರಕಿನ ವಿಷಯದಲ್ಲಿ ಒಂದು ಎಚ್ಚರ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರ ತಾಲೂಕು ಈಚಿನ ವರ್ಷಗಳಲ್ಲಿ ಅದರಿಂದ ಸಾವುನೋವು ಕಂಡಿದೆ. ಹರಡುವುದು ಉಣುಗು ಕಚ್ಚಿ. ಕಾಯಿಲೆಯ ಕಾಲ ನವೆಂಬರ್, ಡಿಸೆಂಬರಿನಿಂದ ಮೇವರೆಗೆ. ನಾವು ಬೆಟ್ಟಕ್ಕೆ ಹೋಗಿ ದರಕು ಗುಡಿಸುವುದೂ ಅದೇ ತಿಂಗಳುಗಳಲ್ಲಿ. ಆ ಎಲೆಯ ಜತೆ ಮರಿ ಉಣುಗು ಸೀದಾ ಕೊಟ್ಟಿಗೆಗೆ, ಅಲ್ಲಿಂದ ಹಾಲು ಕರೆಯುವವಳ ಕಾಲಿಗೆ. ಮಂಗ ಸತ್ತ ಸುದ್ದಿ ಇದ್ದ ಕಡೆಯಿಂದ ದರಕು ತರಲೇಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಬೇರೆ ಕಡೆಗೆ ಹೋಗುವುದಾದರೂ ಇಲಾಖೆ ಕೊಡುವ ಡೀಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಸೋಪು ನೀರಿನಲ್ಲಿ ಕುದಿಸಿ ಒಗೆಯುವುದು. ದನದ ಮೈಮೇಲಿನ ಉಣುಗಿಗೂ ಡಾಕ್ಟರು ಹೇಳಿದ ಔಷಧ ಹಚ್ಚಿಸಿ. ಕಾಡಿಗೆ ಮೇಯಲು ಹೋಗಿ ಬರುವ ದನ ಉಣುಗನ್ನು ಮನೆ ಬಾಗಿಲಿಗೆ ತರುತ್ತದೆ.

ಗೋಬರ್ ಗ್ಯಾಸ್ ಮಾಡಿಸಿ ಅಂತ ನಾನು ಬಲವಂತ ಮಾಡುತ್ತೇನೆ. ಶಿರಸಿ ತಾಲೂಕು ಇದರಲ್ಲಿ ದೇಶಕ್ಕೇ ಮಾದರಿ. ಬೆಂಗಳೂರಿನ ಐಐಎಸ್‌ಸಿಯ ಸಂಶೋಧಕರು 2001ರಲ್ಲಿ ನಮ್ಮ ತಾಲೂಕಿನ ಗೋಬರ್ ಗ್ಯಾಸಿನ ಯಶಸ್ಸಿನ ಬಗ್ಗೆಯೇ ಅಧ್ಯಯನ ಪ್ರಕಟಿಸಿದ್ದಾರೆ. ಬೇರೆ ಕಡೆ ಸಬ್ಸಿಡಿಗಾಗಿ ಕಟ್ಟಿಸಿ ಹಾಳುಬಿಟ್ಟ ಗುಂಡಿಗಳನ್ನು ನೋಡುತ್ತೇವೆ, ಇಲ್ಲಿ ಕಟ್ಟಿಸಿದ್ದು ಉರಿಯುತ್ತದೆ. ಆದರೆ ಅಳತೆ ಸರಿ ಇರಬೇಕು. ಎರಡು ಘನಮೀಟರಿನ ದೀನಬಂಧು ಮಾದರಿಗೆ ದಿನಕ್ಕೆ ಐವತ್ತು ಕಿಲೋ ಹಸಿ ಸಗಣಿ ಬೇಕು, ಅಷ್ಟೇ ನೀರು ಕಲಸಿ. ಮಿಶ್ರತಳಿ ದನ ದಿನಕ್ಕೆ ಹದಿನೈದರಿಂದ ಇಪ್ಪತ್ತು ಕಿಲೋ ಹಾಕುತ್ತದೆ. ಗಿಡ್ಡ ಹಾಕುವುದು ಅದರ ಮೂರರಲ್ಲಿ ಒಂದು ಪಾಲು, ಅದೂ ಮೇಯಲು ಬಿಟ್ಟರೆ ಅರ್ಧ ಬೇಣದಲ್ಲೇ. ಎರಡು ಗಿಡ್ಡ ಕಟ್ಟಿಕೊಂಡು ಎರಡು ಘನಮೀಟರಿನ ಗುಂಡಿ ತೋಡಿಸಿದರೆ ಚಹಾಕ್ಕೆ ನೀರು ಕಾಯುವಷ್ಟರಲ್ಲಿ ಒಲೆ ಆರುತ್ತದೆ. ಒಂದು ಘನಮೀಟರಿನದ್ದೂ ಕಟ್ಟುತ್ತಾರೆ, ಕೇಳಿ. ಮಳೆಗಾಲದ ತಂಪಿನಲ್ಲಿ ಗ್ಯಾಸು ಕಮ್ಮಿಯೇ. ಹೊರಬರುವ ಬಗ್ಗಡವನ್ನು ದರಕಿನ ಮೇಲೆ ಬಿಟ್ಟರೆ ಬೇಗ ಕಳಿಯುತ್ತದೆ.

ಈಗ ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಕರು ಹಾಕಿಸುವುದನ್ನು ಮೊಬೈಲಿನಲ್ಲಿ ನೋಡಿ ಕಲಿಯುತ್ತೇವೆ ಅನ್ನುವವರಿಗಾಗಿ. ಪುನರ್ವಸು ಮಳೆ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಸಂಜೆಯಿಂದಲೇ ದನದ ಬಾಲದ ಬುಡದ ಎರಡೂ ಕಡೆ ಕುಳಿ ಬಿದ್ದಿತ್ತು. ಅಲ್ಲಿ ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಗುತ್ತದೆ, ಎಲುಬು ಸಡಿಲ ಬಿಟ್ಟ ಗುರುತು. ಮೊಲೆತೊಟ್ಟು ಬಿಗಿದು ತುದಿಯಲ್ಲಿ ಮೇಣದಂಥ ಹನಿ. ಅತ್ತೆ ಕಣ್ಣಿ ಬಿಚ್ಚಿ ಅದನ್ನು ಕೊಟ್ಟಿಗೆಯ ಮೂಲೆಯ ಒಣ ಕರಡದ ಮೇಲೆ ಬಿಟ್ಟರು, ನಮ್ಮನ್ನೆಲ್ಲ ಹೊರಗೆ ಕಳಿಸಿದರು. "ಎಂತಕ್ಕೆ ನೋಡ್ತ್ರಿ, ಅದ್ಕೆ ನಾಚ್ಕೆ" ಅಂದರು. ನೀರಿನ ಚೀಲ ಒಡೆದು ಸ್ವಲ್ಪ ಹೊತ್ತಿಗೆ ಎರಡು ಮುಂಗಾಲು, ಅದರ ಮೇಲೆ ಮೂಗು. ಇದು ಸರಿಯಾದ ಕ್ರಮ. ಕಾಲು ಒಂದೇ ಬಂದರೆ, ಬಾಲ ಮೊದಲು ಕಂಡರೆ, ಚೀಲ ಒಡೆದು ಎರಡು ತಾಸಾದರೂ ಏನೂ ಕಾಣದಿದ್ದರೆ ಕೈ ಹಾಕದೆ ಡಾಕ್ಟರನ್ನೇ ಕರೆಯಬೇಕು. ನಮ್ಮದು ತಾನಾಗಿ ಹಾಕಿತು.

ಕರುವಿನ ಮೂಗು ಬಾಯಿಯ ಲೋಳೆ ಒರೆಸಿ, ಉಳಿದದ್ದನ್ನು ತಾಯಿಗೇ ನೆಕ್ಕಲು ಬಿಟ್ಟೆವು. ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್. ಮಳೆಗಾಲದ ಕರುವಿಗೆ ಇದನ್ನು ತಪ್ಪಿಸಲೇಬಾರದು, ಒದ್ದೆ ನೆಲದ ಸೋಂಕು ಹೊಕ್ಕುಳಿನಿಂದ ಏರುತ್ತದೆ. ಆಮೇಲೆ ಗಿಣ್ಣ. ಮೊದಲ ಒಂದೆರಡು ತಾಸಿನಲ್ಲೇ ಕುಡಿಸಬೇಕು. ಇಡೀ ದಿನದಲ್ಲಿ ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು. ಹೊತ್ತು ಕಳೆದಂತೆ ಅದರ ಕರುಳು ರೋಗನಿರೋಧಕವನ್ನು ಹೀರುವ ಶಕ್ತಿ ಕಳೆದುಕೊಳ್ಳುತ್ತದೆ. ಮನೆಮಂದಿಗೆ ಗಿಣ್ಣದ ಆಸೆ ಇರುವುದು ಸಹಜ, ಕರು ಕುಡಿದು ಮಿಕ್ಕರೆ ಮಾಡಿಕೊಳ್ಳಿ. ಮಾಸು ಬೀಳುವವರೆಗೆ ಒಬ್ಬರು ಕಾಯಬೇಕು, ಇಲ್ಲದಿದ್ದರೆ ದನವೇ ತಿಂದುಬಿಡುತ್ತದೆ. ಹನ್ನೆರಡು ತಾಸಾದರೂ ಬೀಳದಿದ್ದರೆ ಮತ್ತೆ ಡಾಕ್ಟರು. ಅತ್ತೆ ಅದನ್ನು ಗೋಣಿಯಲ್ಲಿ ಸುತ್ತಿ, ಹಾಲು ಬರುವ ಮರಕ್ಕೆ ಕಟ್ಟಬೇಕು ಅಂತ ಬೆಳಗಿನ ಜಾವದ ಮಳೆಯಲ್ಲೇ ಅತ್ತಿಮರಕ್ಕೆ ಕಟ್ಟಿಸಿದರು. ಅದರಿಂದ ಹಾಲು ಹೆಚ್ಚುತ್ತದೆಯೋ ಇಲ್ಲವೋ, ನಾಯಿ ನರಿಗೆ ಸಿಗದಂತೆ ಎತ್ತರದಲ್ಲಿ ಇರುತ್ತದೆ, ನನಗೆ ಅಷ್ಟು ಸಾಕು.

ಲಸಿಕೆಯ ಮಾತು ಚುಟುಕಾಗಿ. ಕಾಲುಬಾಯಿ ರೋಗಕ್ಕೆ ಆರು ತಿಂಗಳಿಗೊಮ್ಮೆ. ಗಳಲೆ ರೋಗ, ಚಪ್ಪೆ ರೋಗಕ್ಕೆ ಮಳೆ ಶುರುವಾಗುವ ಮೊದಲು. ಚರ್ಮಗಂಟು ರೋಗ 2022ರಲ್ಲಿ ರಾಜ್ಯದಲ್ಲೆಲ್ಲ ದನಗಳನ್ನು ಹೇಗೆ ಹಣ್ಣು ಮಾಡಿತು ಅನ್ನುವುದು ನೆನಪಿದೆಯಲ್ಲ, ಅದಕ್ಕೂ ಹಾಕಿಸಿ. ಕರುವಿಗೆ ಎರಡು ವಾರದೊಳಗೆ ಜಂತಿನ ಔಷಧ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಪಶು ಸಂಜೀವಿನಿ ಗಾಡಿ ಬೇಕಾದರೆ 1962ಕ್ಕೆ ಫೋನು ಮಾಡಿ. ಕಿವಿಯೋಲೆಯ ಹನ್ನೆರಡು ಅಂಕಿಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ, ಕೇಳಿದಾಗ ಕತ್ತಲಲ್ಲಿ ಟಾರ್ಚು ಹಿಡಿದು ದನದ ಕಿವಿ ಓದುವ ಪಾಡು ಬೇಡ.

ಕೋಳಿ. ನಮ್ಮ ಮನೆಯಲ್ಲಿ ಸಾಕುವ ರೂಢಿ ಇಲ್ಲ, ಆದರೆ ಕೆಳಗಿನ ಕೇರಿಯ ನಾಯ್ಕರ ಮನೆ ಅಕ್ಕ ಸಾಕುವುದನ್ನು ಹತ್ತಿರದಿಂದ ನೋಡಿದ್ದೇನೆ. ಹೊಸದಾಗಿ ಪ್ರಾಣಿ ಸಾಕುವವರು ಕೋಳಿಯಿಂದ ಶುರು ಮಾಡುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ತಪ್ಪಿದರೂ ಸಾವಿರಗಳಲ್ಲಿ ಹೋಗುತ್ತದೆ, ಲಕ್ಷಗಳಲ್ಲಿ ಅಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ತಯಾರಿಸಿದ ಗಿರಿರಾಜ ಚೆನ್ನಾಗಿ ಮೈ ತುಂಬುತ್ತದೆ, ಆದರೆ ಕಾವಿಗೆ ಕೂರುವುದರಲ್ಲಿ ನಾಟಿ ಹೇಂಟೆಯನ್ನು ಮೀರಿಸಿದ್ದಿಲ್ಲ. ಅಕ್ಕ ಒಂದು ಹೇಂಟೆಗೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತಾಳೆ. ಏಳನೇ ದಿನ ರಾತ್ರಿ ಮೊಟ್ಟೆಯ ಹಿಂದೆ ಟಾರ್ಚು ಹಿಡಿದು ನೋಡುತ್ತಾಳೆ. ಒಳಗೆ ಕೆಂಪು ನರ ಜೇಡನ ಬಲೆಯ ಹಾಗೆ ಹರಡಿದ್ದರೆ ಜೀವ ಇದೆ, ತಿಳಿಯಾಗಿದ್ದರೆ ತೆಗೆಯುತ್ತಾಳೆ. ಇಪ್ಪತ್ತೊಂದನೇ ದಿನ ಮರಿ.

ಗೂಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಚೈನ್‌ಲಿಂಕ್ ಬೇಲಿ ಕಣ್ಣಿಗೆ ಗಟ್ಟಿಮುಟ್ಟು, ಅದರ ಕಿಂಡಿಯಲ್ಲಿ ಕೇರೆಹಾವು ನುಗ್ಗುತ್ತದೆ, ಕಬ್ಬೆಕ್ಕು ಪಂಜ ತೂರಿಸಿ ಮರಿಯ ತಲೆ ಎಳೆಯುತ್ತದೆ. ಮೆಶ್ಶನ್ನು ನೆಲದೊಳಗೆ ಒಂದಡಿ ಇಳಿಸಿ. ಕೊಕ್ಕರೆ ರೋಗದ ಲಸಿಕೆ ಮೊದಲ ವಾರದಲ್ಲೇ ಕಣ್ಣಿಗೆ ಹನಿ, ಎಂಟು ವಾರಕ್ಕೆ ಚುಚ್ಚುಮದ್ದು. ತೊಡಕು ಏನೆಂದರೆ ಸೀಸೆಯಲ್ಲಿ ನೂರೋ ಇನ್ನೂರೋ ಕೋಳಿಗಾಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ನಿಮ್ಮ ಹತ್ತಿರ ಇರುವುದು ಹದಿನೈದು ಮರಿ. ಅದಕ್ಕೇ ಅಕ್ಕನ ಕೇರಿಯ ಹೆಂಗಸರು ಒಂದೇ ವಾರದಲ್ಲಿ ಕಾವಿಗಿಡುತ್ತಾರೆ, ಮರಿಗಳೆಲ್ಲ ಒಂದೇ ವಯಸ್ಸಿಗೆ ಬರುತ್ತವೆ, ಒಂದು ಸೀಸೆ ಇಡೀ ಕೇರಿಗೆ ಆಗುತ್ತದೆ. ಇದನ್ನು ಯಾವ ಇಲಾಖೆಯೂ ಹೇಳಿಕೊಟ್ಟದ್ದಲ್ಲ.

ಆಡು ಕುರಿ ಕೇಳುತ್ತಾರೆ. ನಮ್ಮ ಮಳೆಗೆ ಅದರ ಗೊರಸು ಕೊಳೆಯುತ್ತದೆ, ಹೊಟ್ಟೆಯ ಜಂತು ಬಿಡುವುದಿ‌ಲ್ಲ. ನೆಲದಿಂದ ಎತ್ತರಿಸಿದ ಹಲಗೆಯ ಅಟ್ಟಣಿಗೆ ಮಾಡಿ ಸಾಕುವವರಿದ್ದಾರೆ, ಮಾಡಬಹುದು. ಬಿಟ್ಟು ಮೇಯಿಸಿದರೆ ಮಾತ್ರ ಪಕ್ಕದವರ ಅಡಿಕೆ ಸಸಿ ಉಳಿಯುವುದಿಲ್ಲ, ಪಕ್ಕದವರ ಸ್ನೇಹವೂ ಉಳಿಯುವುದಿಲ್ಲ. ನಾನಂತೂ ಬೇಡ ಅನ್ನುತ್ತೇನೆ.

ಜೇನು ಸಾಕಿ. ಮೇವಿನ ಖರ್ಚಿಲ್ಲ, ಅಚ್ಚೆಮನೆಯವರ, ಅಂದರೆ ಪಕ್ಕದ ಮನೆಯವರ ಹೂವೂ ನಿಮ್ಮದೇ. ನಮ್ಮ ತುಡುವೆ ಜೇನು 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ಸಿನಿಂದ ರಾಜ್ಯದಲ್ಲೆಲ್ಲ ನೆಲ ಕಚ್ಚಿತ್ತು, ಪೆಟ್ಟಿಗೆ ಪೆಟ್ಟಿಗೆ ಖಾಲಿಯಾಗಿ ಎಷ್ಟೋ ಮಂದಿ ಕೈಬಿಟ್ಟರು. ಮತ್ತೆ ಚೇತರಿಸಿಕೊಂಡಿದೆ. ಜೇನಿಗೂ ಕಷ್ಟದ ಕಾಲ ಅಂದರೆ ಆಷಾಢ ಶ್ರಾವಣವೇ, ಹೊರಗೆ ಹಾರುವಂತಿಲ್ಲ, ಹೂವೂ ಇಲ್ಲ. ಸಕ್ಕರೆ ಮತ್ತು ನೀರು ಸಮಪಾಲು ಬೆರೆಸಿದ ಪಾಕವನ್ನು ಸಂಜೆ ಹೊತ್ತಿಗೆ ಒಳಗಿಡಿ. ಹಗಲು ಇಟ್ಟರೆ ಬೇರೆ ಪೆಟ್ಟಿಗೆಯ ಹುಳು ಕದಿಯಲು ಬರುತ್ತವೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟು ಇರುವೆ ತಡೆಯಿರಿ, ತಳದ ಹಲಗೆಯನ್ನು ಆಗಾಗ ಗುಡಿಸಿ ಮೇಣದ ಹುಳು ಸೇರದಂತೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ನಾಲ್ಕು ಬಾಟ್ಲಿ ಜೇನುತುಪ್ಪ ಕೊಟ್ಟರೂ ಸಂತೋಷ, ಕೊಡದಿದ್ದರೂ ನಿಮ್ಮ ಏಲಕ್ಕಿ, ತೆಂಗು ಹೆಚ್ಚು ಕಾಯಿ ಕಚ್ಚುತ್ತವೆ.

ಬೇಲಿಗೆ ಬ್ಯಾಟರಿಯ ಸೋಲಾರ್ ತಂತಿ ಹಾಕಿಸಿ, ಹಂದಿ ಕಾಟಕ್ಕೆ ಅದು ನಡೆಯುತ್ತದೆ. ಕಂಬದ ಕರೆಂಟನ್ನು ನೇರ ತಂತಿಗೆ ಕೊಡುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಅದು ಅಪರಾಧ, ಸಾಯುವುದು ಹಂದಿಯೇ ಅಂತ ಖಾತ್ರಿಯೂ ಇಲ್ಲ. ನಾಯಿಯನ್ನು ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದರೆ ಕಾವಲು ಆಗುವುದಿಲ್ಲ, ಚಿರತೆಗೆ ಬುತ್ತಿ ಕಟ್ಟಿಟ್ಟ ಹಾಗಾಗುತ್ತದೆ. ಒಳಗೆ ಮಲಗಿಸಿ.

ಹೊಸಬರು ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ತವರಿನಲ್ಲಿ ಮದುವೆ, ಮೂರು ದಿನದ ಕಾರ್ಯ. ಹಾಲು ಯಾರು ಕರೆಯುತ್ತಾರೆ? ಮೊದಲೆಲ್ಲ ಕೂಡು ಕುಟುಂಬ, ಈಗ ಮನೆಗೆ ಇಬ್ಬರು, ಒಬ್ಬರಿಗೆ ಮಂಡಿನೋವು. ನಾನು ನೋಡಿದ ಹಾಗೆ ಕೊಟ್ಟಿಗೆ ಖಾಲಿಯಾಗುವುದು ರೋಗದಿಂದಲ್ಲ, ಇದರಿಂದ. ಅಚ್ಚೆಮನೆಯ ಅತ್ತಿಗೆಯೂ ನಾನೂ ಮಾತಾಡಿಕೊಂಡಿದ್ದೇವೆ, ಅವಳು ಹೋದರೆ ಅವಳ ಕೊಟ್ಟಿಗೆ ನನ್ನದು, ನಾನು ಹೋದರೆ ನನ್ನದು ಅವಳದು. ಅದಕ್ಕಾಗಿ ಬಿಡುವಿದ್ದಾಗಲೂ ವಾರಕ್ಕೊಂದು ಸಲ ಒಬ್ಬರ ದನವನ್ನು ಇನ್ನೊಬ್ಬರು ಕರೆಯುತ್ತೇವೆ. ದನಕ್ಕೆ ಕೈ ಪರಿಚಯ ಇಲ್ಲದಿದ್ದರೆ ಸೊರ ಬಿಡುವುದಿಲ್ಲ, ಅಂದರೆ ಹಾಲು ಇಳಿಸುವುದಿಲ್ಲ, ಒದೆಯುವುದೂ ಉಂಟು. ನಿಮ್ಮ ಯಜಮಾನರಿಗೂ ಕರೆಯಲು ಕಲಿಸಿ. ನಗಬೇಡಿ, ನಮ್ಮನೆಯವರು ಕಲಿತಿದ್ದಾರೆ, ಹಿಂದೆ ಕೂತಿದ್ದಾರೆ, ಕೇಳಿ ಬೇಕಾದರೆ.

ಸರಿ, ಯಾವ ದನ? ಸೊಸೈಟಿಗೆ ಹಾಲು ಹಾಕಿ ತಿಂಗಳ ಖರ್ಚು ನಡೆಯಬೇಕು ಅನ್ನುವವರಿಗೆ ಮಿಶ್ರತಳಿಯೇ ಗತಿ. ಆದರೆ ಮೂವತ್ತು ನಲವತ್ತು ರೋಲಿನ ಜಾಗ, ಡಾಕ್ಟರು ಬರುವ ದಾರಿ, ಎರಡು ಹೊತ್ತೂ ಮನೆಯಲ್ಲಿ ಆಳು, ಈ ಮೂರೂ ಇದ್ದರೆ ಮಾತ್ರ. ಮನೆಗೆ ಹಾಲು, ತೋಟಕ್ಕೆ ಗೊಬ್ಬರ ಸಾಕು ಅನ್ನುವವರಿಗೆ ಮಲೆನಾಡು ಗಿಡ್ಡ. ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಅದನ್ನು ಅಧಿಕೃತ ತಳಿಯಾಗಿ ನೋಂದಾಯಿಸಿದೆ. ಕೊಡುವುದು ದಿನಕ್ಕೆ ಒಂದರಿಂದ ಮೂರು ಲೀಟರು, ಆದರೆ ಈ ಮಳೆ, ಈ ಬೆಟ್ಟ, ಈ ಹುಲ್ಲಿಗೆ ಹುಟ್ಟಿ ಬೆಳೆದದ್ದು. ಸಣ್ಣ ಮೈ, ಕೆಸರಿನಲ್ಲೂ ಗುಡ್ಡದಲ್ಲೂ ಚುರುಕು. ಬೇಲಿ ಹಾರುವುದರಲ್ಲೂ ಚುರುಕು, ಅದನ್ನೂ ಹೇಳಿಬಿಡುತ್ತೇನೆ, ಬೇಲಿ ಬಾಗಿಲಿನ ದಣಪೆಯ ಗಳವನ್ನು ಮೂತಿಯಿಂದ ಸರಿಸಿ ಹೋಗುವ ದನ ನಮ್ಮಲ್ಲೇ ಇದೆ. ಕೊಳ್ಳುವಾಗ ಮಾರುವವರ ಕೊಟ್ಟಿಗೆಯಲ್ಲೇ ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ ನೀವೇ ಕರೆದು ನೋಡಿ. ಒಂದೇ ಹೊತ್ತು ನೋಡಿದರೆ ಹಿಂದಿನ ಹೊತ್ತು ಕರೆಯದೆ ಬಿಟ್ಟಿದ್ದು ಗೊತ್ತಾಗುವುದಿಲ್ಲ.

(ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಹೆಣ್ಣುಮಗಳೊಬ್ಬಳು ಕೇಳಿದ್ದು: "ನಮ್ಮದು ಇಪ್ಪತ್ತು ಗುಂಟೆ, ಇಬ್ಬರೇ ಇರುವುದು. ಒಂದೇ ದನ ಸಾಕಿದರೆ ಸಾಲದಾ ಅಕ್ಕಾ?")

ಸಾಲುವುದಿಲ್ಲ ತಂಗಿ. ಒಂಟಿ ದನ ನಿಂತಲ್ಲಿ ನಿಲ್ಲದೆ ಕೂಗುತ್ತದೆ, ಸರಿಯಾಗಿ ತಿನ್ನುವುದೂ ಇಲ್ಲ. ಅದು ಒಂದು. ಇನ್ನೊಂದು, ಕರು ಹಾಕುವ ಎರಡು ತಿಂಗಳ ಮೊದಲು ಕರೆಯುವುದನ್ನು ನಿಲ್ಲಿಸಲೇಬೇಕು, ಗಿಡ್ಡವಾದರೆ ಅದಕ್ಕೂ ಮೊದಲೇ ಬತ್ತಿಸಿಕೊಳ್ಳುತ್ತದೆ. ಆಗ ಚಹಾಕ್ಕೂ ಪ್ಯಾಕೆಟ್ ಹಾಲು. ಎರಡು ಗಿಡ್ಡ ಕಟ್ಟಿ, ಹೆಚ್ಚುಕಮ್ಮಿ ಆರು ತಿಂಗಳ ಅಂತರದಲ್ಲಿ ಕರು ಹಾಕುವ ಹಾಗೆ ಕೃತಕ ಗರ್ಭಧಾರಣೆ ಮಾಡಿಸಿಕೋ, ವರ್ಷವಿಡೀ ಒಂದಲ್ಲ ಒಂದು ಕರೆಯುತ್ತಿರುತ್ತದೆ. ಇಪ್ಪತ್ತು ಗುಂಟೆಯಲ್ಲಿ ನಾಲ್ಕು ಗುಂಟೆ ಬಿಸಿಲಿರುವ ಕಡೆ ಕೋ-4 ಹಾಕು. ಹುಲ್ಲು ಇಪ್ಪತ್ತೈದು ರೋಲ್ ಬೇಕು. ಬನವಾಸಿ ಕಡೆಯಿಂದ ನಾವು ಮೂರು ಮನೆಯವರು ಲಾರಿ ತರಿಸುವವರಿದ್ದೇವೆ, ನಿನ್ನ ಹೆಸರನ್ನೂ ಸೇರಿಸುತ್ತೇನೆ. ಇಳಿಸಿಕೊಳ್ಳಲು ಅಟ್ಟ ತಯಾರಿರಲಿ.